ಮಕ್ಕಳ ಕೈಹಿಡಿತ ಅಳೆದರೆ ಹೃದಯದ, ಸಕ್ಕರೆ ಕಾಯಿಲೆಯ ಸುಳಿವು ಸಿಗುತ್ತದೆಯೇ?

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕ. ದಾನಿಯೊಬ್ಬರು ನಮ್ಮ ಶಾಲೆಗೆ ಕೈಹಿಡಿತದ ಬಲ ಅಳೆಯುವ ಯಂತ್ರ, ಡಿಜಿಟಲ್ ಗ್ರಿಪ್ ಡೈನಮೋಮೀಟರ್ ಕೊಟ್ಟಿದ್ದಾರೆ. ಕೈಹಿಡಿತ ದುರ್ಬಲವಾಗಿರುವ ಮಕ್ಕಳಿಗೆ ಮುಂದೆ ಸಕ್ಕರೆ ಕಾಯಿಲೆ, ಹೃದ್ರೋಗ ಬರುವ ಸಂಭವ ಹೆಚ್ಚು ಎಂದು ಓದಿದ್ದೇನೆ. ಆರರಿಂದ ಹತ್ತನೇ ತರಗತಿಯವರೆಗಿನ ಸುಮಾರು 200 ಮಕ್ಕಳನ್ನು ಪರೀಕ್ಷಿಸುವ ಆಸೆ ಇದೆ. ಪ್ರಯೋಗಕ್ಕೆಂದು ಇಬ್ಬರನ್ನು ಅಳೆದೆ. 11 ವರ್ಷದ ಹುಡುಗನ ತೂಕ 48 ಕೆ.ಜಿ., ಹಿಡಿತ 15 ಕೆ.ಜಿ. 12 ವರ್ಷದ ಹುಡುಗಿಯ ತೂಕ 27 ಕೆ.ಜಿ., ಹಿಡಿತ 11 ಕೆ.ಜಿ. ಇವರಲ್ಲಿ ಯಾರ ಬಗ್ಗೆ ಚಿಂತಿಸಬೇಕು? ಸರಿಯಾಗಿ ಅಳೆಯುವುದು ಹೇಗೆ? ಅಳೆದ ಮೇಲೆ ಏನು ಮಾಡಬೇಕು?

ಉತ್ತರ: ನಿಮ್ಮ ಇಬ್ಬರು ಮಕ್ಕಳಿಂದಲೇ ಶುರು ಮಾಡೋಣ, ಈ ಪರೀಕ್ಷೆಯ ಶಕ್ತಿ, ಮಿತಿ ಎರಡೂ ಅವರಲ್ಲೇ ಕಾಣುತ್ತವೆ. ಮಕ್ಕಳ ವಿಷಯದಲ್ಲಿ ಹಿಡಿತವನ್ನು ತೂಕದಿಂದ ಭಾಗಿಸಿ ನೋಡುವ ರೂಢಿ ಇದೆ. ಹುಡುಗನದು 15 ಭಾಗಿಸು 48, ಅಂದರೆ 0.31. ಹುಡುಗಿಯದು 11 ಭಾಗಿಸು 27, ಅಂದರೆ 0.41. ಅಮೆರಿಕದ ಮಿಷಿಗನ್ ರಾಜ್ಯದ ಶಾಲೆಗಳಲ್ಲಿ 10ರಿಂದ 12 ವರ್ಷದ 1,326 ಮಕ್ಕಳನ್ನು ಅಳೆದು ಮಾರ್ಕ್ ಪೀಟರ್ಸನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಗಡಿರೇಖೆಗಳು ಹೀಗಿವೆ: ಹುಡುಗರಲ್ಲಿ 0.33 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ಅಪಾಯ, 0.45 ದಾಟಿದರೆ ಕಡಿಮೆ ಅಪಾಯ. ಹುಡುಗಿಯರಲ್ಲಿ 0.28 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ಅಪಾಯ, 0.36 ದಾಟಿದರೆ ಕಡಿಮೆ. ನಡುವೆ ಬಿದ್ದವರು ಮಧ್ಯಮ. ಈ ಲೆಕ್ಕದಲ್ಲಿ ಹುಡುಗ ಕೆಂಪು ಗೆರೆಯ ಕೆಳಗಿದ್ದಾನೆ, ಹುಡುಗಿ ಸಲೀಸಾಗಿ ಪಾಸಾಗಿದ್ದಾಳೆ.

ಇಲ್ಲಿಗೇ ನಿಲ್ಲಿಸಿದರೆ ಹುಡುಗನನ್ನು ರೋಗಿ ಎಂದೂ ಹುಡುಗಿಯನ್ನು ಆರೋಗ್ಯವಂತೆ ಎಂದೂ ಬರೆದುಕೊಳ್ಳುತ್ತೀರಿ. ಎರಡೂ ತಪ್ಪಾಗಬಹುದು. ಹುಡುಗನಿಗೆ ಇನ್ನೂ ಮೂರ್ನಾಲ್ಕು ಅಳತೆಗಳು ಬೇಕು, ಅವು ಸರಿಯಿದ್ದರೆ ಅವನ ಬಗ್ಗೆ ಗಾಬರಿ ಬೇಕಿಲ್ಲ. ಹುಡುಗಿ ಪಾಸಾಗಿರುವುದು ಕೈ ಗಟ್ಟಿ ಇರುವುದರಿಂದಲ್ಲ, ತೂಕ ಕಡಿಮೆ ಇರುವುದರಿಂದ. ನಮ್ಮ ನಾಡಿನ ಮಕ್ಕಳಲ್ಲಿ ಈ ಎರಡನೆಯ ತಪ್ಪೇ ಹೆಚ್ಚು ನಡೆಯುವಂಥದ್ದು, ಹೆಚ್ಚು ಚಿಂತೆಯದ್ದು. ಅದಕ್ಕೆ ಮುಂದೆ ಬರುತ್ತೇನೆ.

ಕೈಯ ಹಿಡಿತಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಮಕ್ಕಳಲ್ಲೂ ಹದಿಹರೆಯದವರಲ್ಲೂ ಕೈಹಿಡಿತವು ಮೈಯ ಒಟ್ಟು ಸ್ನಾಯುಬಲದ ಜೊತೆ ಚೆನ್ನಾಗಿ ಹೊಂದುತ್ತದೆ. ತೊಡೆ, ಬೆನ್ನು, ತೋಳುಗಳನ್ನು ಒಂದೊಂದಾಗಿ ಅಳೆಯುವ ಬದಲು ಒಂದು ಹಿಡಿಯಲ್ಲಿ ಅಂದಾಜು ಸಿಗುತ್ತದೆ. ಊಟದ ನಂತರ ಇನ್ಸುಲಿನ್ ಹೊರಬಂದಾಗ ರಕ್ತದ ಗ್ಲೂಕೋಸಿನ ಬಹುಪಾಲನ್ನು ಒಳಗೆ ಎಳೆದುಕೊಳ್ಳುವ ಅಂಗ ಸ್ನಾಯು. ಪ್ರಯೋಗಾಲಯದಲ್ಲಿ ಇನ್ಸುಲಿನ್ ಹರಿಸಿ ಅಳೆದಾಗ ಆ ಪಾಲು ಸುಮಾರು ಶೇ. 80 ಎಂದು ಕಂಡಿದೆ. ಸ್ನಾಯು ಕಡಿಮೆ ಇದ್ದರೆ, ಅಥವಾ ಇದ್ದ ಸ್ನಾಯುವಿನೊಳಗೆ ಕೊಬ್ಬು ಸೇರಿಕೊಂಡಿದ್ದರೆ, ಸಕ್ಕರೆಯನ್ನು ತುಂಬಿಡಲು ಉಗ್ರಾಣವೇ ಚಿಕ್ಕದಾದಂತೆ. ಮೇದೋಜೀರಕ ಗ್ರಂಥಿ ಅದೇ ಕೆಲಸಕ್ಕೆ ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ಅದರ ಬೆನ್ನಿಗೇ ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ, ರಕ್ತದೊತ್ತಡ ಮೆಲ್ಲಗೆ ಮೇಲೇರುತ್ತದೆ. ದುಡಿಯುವ ಸ್ನಾಯುವಿಗೆ ಇನ್ನೊಂದು ಗುಣವಿದೆ: ಅದು ಇನ್ಸುಲಿನ್ ಇಲ್ಲದೆಯೂ ಗ್ಲೂಕೋಸನ್ನು ಒಳಗೆಳೆದುಕೊಳ್ಳಬಲ್ಲದು.

ದೊಡ್ಡ ಅಧ್ಯಯನಗಳು ಇದಕ್ಕೆ ತೂಕ ಕೊಡುತ್ತವೆ. ಭಾರತವೂ ಸೇರಿ 17 ದೇಶಗಳಲ್ಲಿ ನಡೆದ ಪ್ಯೂರ್ ಅಧ್ಯಯನ 35ರಿಂದ 70 ವಯಸ್ಸಿನ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದು 2015ರಲ್ಲಿ ವರದಿ ಮಾಡಿತು. ಹಿಡಿತ ಪ್ರತಿ 5 ಕೆ.ಜಿ. ಕಡಿಮೆಯಾದಂತೆ ಯಾವುದೇ ಕಾರಣದ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿತ್ತು. ಆದರೆ ಅದು ದೊಡ್ಡವರ ಲೆಕ್ಕ. ಹರೆಯದವರ ವಿಷಯದಲ್ಲಿ ಸ್ವೀಡನ್ನಿನ ಸೈನ್ಯ ಸೇರ್ಪಡೆಯ ದಾಖಲೆಗಳೇ ನಮಗೆ ದೊಡ್ಡ ಆಧಾರ. 16ರಿಂದ 19 ವರ್ಷದ 11 ಲಕ್ಷಕ್ಕೂ ಹೆಚ್ಚು ಹುಡುಗರನ್ನು ಸುಮಾರು 24 ವರ್ಷ ಹಿಂಬಾಲಿಸಿದಾಗ, ಹರೆಯದಲ್ಲಿ ಸ್ನಾಯುಬಲ ಚೆನ್ನಾಗಿದ್ದವರಲ್ಲಿ ಅಕಾಲ ಮರಣ ಶೇ. 20ರಿಂದ 35ರಷ್ಟು ಕಡಿಮೆ ಇತ್ತು. ಅದೇ ದೇಶದ 15 ಲಕ್ಷ ಯುವಕರ ಇನ್ನೊಂದು ವಿಶ್ಲೇಷಣೆ 2016ರಲ್ಲಿ ಬಂತು: 18ರ ವಯಸ್ಸಿನಲ್ಲಿ ದಮ್ಮೂ ಕಡಿಮೆ, ಬಲವೂ ಕಡಿಮೆ ಇದ್ದವರಿಗೆ ಮುಂದೆ ಟೈಪ್ 2 ಸಕ್ಕರೆ ಕಾಯಿಲೆ ಬರುವ ಅಪಾಯ ಮೂರು ಪಟ್ಟು. ತೂಕ ಮಾಮೂಲಿಯಾಗಿದ್ದವರಲ್ಲೂ ಈ ನಂಟು ಇತ್ತು. ಈ ಕೊನೆಯ ಮಾತನ್ನು ಗುರುತು ಹಾಕಿಟ್ಟುಕೊಳ್ಳಿ.

ಇವೆಲ್ಲ ನಂಟುಗಳು, ಕಾರಣದ ಪುರಾವೆಯಲ್ಲ. ಹಿಡಿತ ಕಡಿಮೆ ಇರುವುದರಿಂದ ಯಾರಿಗೂ ಹೃದ್ರೋಗ ಬರುವುದಿಲ್ಲ. ಹಿಡಿತ ಒಂದು ಸೂಚಕ ಮಾತ್ರ.

ಇನ್ನು ಅಳತೆ. ತಪ್ಪುಗಳು ಹೆಚ್ಚು ನಡೆಯುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಯಂತ್ರವನ್ನು ಪರೀಕ್ಷಿಸಿ. 10 ಲೀಟರ್ ಕ್ಯಾನಿಗೆ ನೀರು ತುಂಬಿ ನಂಬಿಕೆಯ ತಕ್ಕಡಿಯಲ್ಲಿ ತೂಗಿ. ಡೈನಮೋಮೀಟರಿನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು, ಬೆರಳು ಒತ್ತುವ ಹಿಡಿಕೆಯ ಮಧ್ಯಕ್ಕೆ ಪಟ್ಟಿ ಹಾಕಿ ಕ್ಯಾನನ್ನು ನಿಧಾನವಾಗಿ ತೂಗುಬಿಡಿ. ಎರಡು ಸಂಖ್ಯೆಗಳ ನಡುವೆ ಅರ್ಧ ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಯಂತ್ರದ ಓದನ್ನು ನಂಬಬೇಡಿ. ಪಟ್ಟಿ ಮಧ್ಯ ಬಿಟ್ಟು ಅಂಚಿಗೆ ಸರಿದರೂ ಓದು ಕೆಡುತ್ತದೆ, ಹಾಗಾಗಿ ಮೂರು ಸಲ ಮಾಡಿ ನೋಡಿ. ಪ್ರತಿ ಅವಧಿಯ ಶುರುವಿನಲ್ಲಿ ಇದನ್ನು ಮಾಡಿದರೆ ಒಳ್ಳೆಯದು. ಪರದೆಯ ಮೇಲೆ ಕೆ.ಜಿ. ಇದೆಯೋ ಪೌಂಡ್ ಇದೆಯೋ ನೋಡಿ. ಒಂದು ಗುಂಡಿ ತಪ್ಪಿ ಒತ್ತಿದರೆ 15 ಕೆ.ಜಿ. 33 ಆಗಿಬಿಡುತ್ತದೆ, ಇಡೀ ತರಗತಿ ಪೈಲ್ವಾನರಂತೆ ಕಾಣುತ್ತದೆ. ಬ್ಯಾಟರಿ ಇಳಿದಾಗಲೂ ಓದು ಅಲುಗಾಡುತ್ತದೆ.

ಎರಡನೆಯದು ಹಿಡಿಕೆಯ ಅಗಲ. ಶಾಲೆಗಳಲ್ಲಿ ಇದನ್ನು ಯಾರೂ ಬದಲಾಯಿಸುವುದೇ ಇಲ್ಲ, ದೊಡ್ಡವರ ಕೈಗೆ ಇಟ್ಟ ಅಗಲದಲ್ಲೇ ಚಿಕ್ಕ ಮಕ್ಕಳೂ ಒತ್ತುತ್ತಾರೆ. ಹಿಡಿಕೆ ಅಗಲವಾದರೆ ಬೆರಳ ತುದಿ ಮಾತ್ರ ತಾಗುತ್ತದೆ, ಕಿರಿದಾದರೆ ಬೆರಳುಗಳು ಅಂಗೈಗೇ ಬಂದು ಗುದ್ದುತ್ತವೆ. ಎರಡರಲ್ಲೂ ಬಲ ಕಡಿಮೆ ಬರುತ್ತದೆ. ಸ್ಪೇನಿನ ಸಂಶೋಧಕರು ಇದಕ್ಕೆ ಸರಳ ಸೂತ್ರಗಳನ್ನು ಕೊಟ್ಟಿದ್ದಾರೆ. ಮಗು ಬಲಗೈಯನ್ನು ಸ್ಕೇಲಿನ ಮೇಲೆ ಪೂರ್ತಿ ಹರಡಲಿ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗಿನ ಗೇಣನ್ನು ಸೆಂ.ಮೀ.ಗಳಲ್ಲಿ ಬರೆದುಕೊಳ್ಳಿ. 6ರಿಂದ 12 ವರ್ಷದ ಹುಡುಗರಿಗೆ ಗೇಣನ್ನು 4ರಿಂದ ಭಾಗಿಸಿ 0.44 ಕೂಡಿಸಿ. ಅದೇ ವಯಸ್ಸಿನ ಹುಡುಗಿಯರಿಗೆ ಗೇಣನ್ನು 0.3ರಿಂದ ಗುಣಿಸಿ 0.52 ಕಳೆಯಿರಿ. ಅದಕ್ಕಿಂತ ದೊಡ್ಡ ಹುಡುಗರಿಗೆ ಗೇಣನ್ನು 7.2ರಿಂದ ಭಾಗಿಸಿ 3.1 ಕೂಡಿಸಿ, ಹುಡುಗಿಯರಿಗೆ 4ರಿಂದ ಭಾಗಿಸಿ 1.1 ಕೂಡಿಸಿ. ಬರುವ ಉತ್ತರವೇ ಹಿಡಿಕೆಯ ಅಗಲ, ಸೆಂ.ಮೀ.ಗಳಲ್ಲಿ. ಗೇಣು 17 ಸೆಂ.ಮೀ. ಇರುವ 11 ವರ್ಷದ ಹುಡುಗನಿಗೆ 4.7 ಸೆಂ.ಮೀ., ಗೇಣು 20 ಇರುವ 15ರ ಹುಡುಗನಿಗೆ 5.9. ಪ್ರತಿ ಮಗುವಿಗೂ ತಿರುಪು ತಿರುಗಿಸುವಷ್ಟು ಸಮಯವಿಲ್ಲದಿದ್ದರೆ ಮಕ್ಕಳನ್ನು ಗೇಣಿನ ಅಳತೆಯ ಪ್ರಕಾರ ಸಾಲಾಗಿ ನಿಲ್ಲಿಸಿ, ನಾಲ್ಕೈದು ಮಕ್ಕಳಿಗೊಮ್ಮೆ ಬದಲಾಯಿಸಿದರೆ ಸಾಕು. ಹೊಂದಿಕೆ ಸರಿಯಾದಾಗ ನಡುಬೆರಳಿನ ಎರಡನೆಯ ಗಿಣ್ಣು ಸುಮಾರಾಗಿ ಲಂಬಕೋನದಲ್ಲಿ ಬಾಗಿರುತ್ತದೆ.

ಮೂರನೆಯದು ಭಂಗಿ. ಜಗತ್ತಿನಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಕೈ ಚಿಕಿತ್ಸಕರು ಕುಳ್ಳಿರಿಸಿ, ಮೊಣಕೈ 90 ಡಿಗ್ರಿ ಬಾಗಿಸಿ ಅಳೆಯುತ್ತಾರೆ. ಯೂರೋಪಿನಲ್ಲಿ ಶಾಲಾ ಮಕ್ಕಳಿಗೆಂದೇ ರೂಪಿಸಿದ ಆಲ್ಫಾ ಪದ್ಧತಿಯಲ್ಲಿ ಮಗು ನಿಂತು, ಮೊಣಕೈ ನೇರ ಇಟ್ಟು, ತೋಳು ಮೈಗೆ ತಾಗದಂತೆ ಒತ್ತಬೇಕು. ಇವೆರಡರ ಫಲಿತಾಂಶ ಒಂದೇ ಆಗಿರುವುದಿಲ್ಲ, ಬೆರೆಸಬಾರದು. ಶಾಲೆಗೆ ನಿಂತು ಮಾಡುವುದೇ ಅನುಕೂಲ. ಪಾದ ಸ್ವಲ್ಪ ಅಗಲ, ದೃಷ್ಟಿ ಮುಂದೆ, ಮಣಿಕಟ್ಟು ನೇರ. ಮಣಿಕಟ್ಟು ಒಳಗೆ ಮಡಚಿದರೆ ಬೆರಳು ಬಾಗಿಸುವ ಸ್ನಾಯುಗಳು ಮೊದಲೇ ಮೊಟಕಾಗಿರುತ್ತವೆ, ಎಳೆಯಲು ಅವಕಾಶವಿರದೆ ಬಲ ಥಟ್ಟನೆ ಕುಸಿಯುತ್ತದೆ. ತೊಡೆಗೋ ಪಕ್ಕೆಗೋ ಕೈ ಆನಿಸಿದರೆ ಇಲ್ಲದ ಬಲ ಸೇರಿಕೊಳ್ಳುತ್ತದೆ. ಮಗು ಉಸಿರು ಬಿಗಿಹಿಡಿಯದೆ, ಉಸಿರು ಬಿಡುತ್ತಾ ಒತ್ತಲಿ. ಮೆಲ್ಲಗೆ ಶುರು ಮಾಡಿ ಪೂರ್ತಿ ಬಲ ಹಾಕಿ 2–3 ಸೆಕೆಂಡ್ ಹಿಡಿಯಬೇಕು. ಒಮ್ಮೆಲೇ ಜರ್ಕ್ ಕೊಟ್ಟ ಓದನ್ನು ಬಿಟ್ಟುಬಿಡಿ.

ಒಂದು ಸಲ ಮೆಲ್ಲಗೆ ಒತ್ತಿ ಅಭ್ಯಾಸ ಮಾಡಿಸಿ. ಆಮೇಲೆ ಬಲ, ಎಡ, ಬಲ, ಎಡ ಎಂದು ಎರಡೆರಡು ಸಲ. ಒಂದೇ ಕೈಗೆ ಮತ್ತೆ ಸರದಿ ಬರುವ ಮುನ್ನ ಒಂದು ನಿಮಿಷ ವಿಶ್ರಾಂತಿ ಇರಲಿ. ಒಂದೇ ಕೈಯ ಎರಡು ಓದುಗಳಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೂರನೇ ಸಲ ಮಾಡಿಸಿ. ಪ್ರತಿ ಕೈಯ ಅತಿ ಹೆಚ್ಚಿನ ಓದು ತೆಗೆದುಕೊಂಡು ಎರಡರ ಸರಾಸರಿ ಹಾಕಿ. ಕೆಲವು ಅಮೆರಿಕನ್ ವರದಿಗಳು ಎರಡೂ ಕೈಗಳ ಮೊತ್ತವನ್ನು ತೂಕದಿಂದ ಭಾಗಿಸುತ್ತವೆ. ಆ ಸಂಖ್ಯೆ ಸಹಜವಾಗಿಯೇ ಎರಡು ಪಟ್ಟು ಇರುತ್ತದೆ. ನಿಮ್ಮ ಹುಡುಗನ ಎರಡೂ ಕೈ ಕೂಡಿಸಿದರೆ 0.63 ಬಂದು ಎಲ್ಲ ಗಡಿಗಳನ್ನೂ ದಾಟಿಬಿಡುತ್ತಾನೆ. ಮೇಲೆ ಹೇಳಿದ 0.33, 0.28ರ ಗಡಿಗಳು ಒಂದು ಕೈಯ ಬಲಕ್ಕೆ ಸಂಬಂಧಿಸಿದವು.

ಹುರಿದುಂಬಿಸುವ ಮಾತೂ ಅಳತೆಯ ಭಾಗ. ಎಲ್ಲರಿಗೂ ಒಂದೇ ಮಾತು, ಒಂದೇ ದನಿ: "ಒತ್ತು, ಒತ್ತು, ಇನ್ನೂ ಒತ್ತು, ಬಿಡು." ಒಬ್ಬನಿಗೆ ಇಡೀ ತರಗತಿ ಚಪ್ಪಾಳೆ ತಟ್ಟಿ, ಇನ್ನೊಬ್ಬ ಒಬ್ಬಂಟಿಯಾಗಿ ಒತ್ತಿದರೆ ನೀವು ಅಳೆದದ್ದು ಉತ್ಸಾಹವನ್ನು. ಅಂಗೈ ಬೆವೆತಿದ್ದರೆ ಒರೆಸಿಸಿ. ಖೋ ಖೋ ಆಡಿ ಬಂದ ತಕ್ಷಣವೋ ಪರೀಕ್ಷೆ ಬರೆದು ಕೈ ನೋಯುತ್ತಿರುವಾಗಲೋ ಬೇಡ. ತೂಕ ನೋಡುವಾಗ ಶೂ, ಸ್ವೆಟರ್ ತೆಗೆಸಿ. 27 ಕೆ.ಜಿ.ಯ ಮಗುವಿನಲ್ಲಿ ಒಂದು ಕೆ.ಜಿ. ಬಟ್ಟೆ ಸಣ್ಣದಲ್ಲ. ಕಳೆದ ಮೂರು ತಿಂಗಳಲ್ಲಿ ಕೈ, ಮಣಿಕಟ್ಟು, ಮೊಣಕೈ ಮುರಿದವರನ್ನೂ ಶಸ್ತ್ರಚಿಕಿತ್ಸೆ ಆದವರನ್ನೂ ಈ ಸಲ ಬಿಟ್ಟುಬಿಡಿ.

ಈಗ ಆ ಹುಡುಗಿಯ ವಿಷಯ. ತೂಕದಿಂದ ಭಾಗಿಸುವುದರ ಹಿಂದಿನ ವಾದ ಸರಿಯಾದದ್ದೇ: ದೊಡ್ಡ ಮೈಗೆ ದೊಡ್ಡ ಬಲ ಬೇಕು. ಅಮೆರಿಕದ ಮಕ್ಕಳಲ್ಲಿ ಚಯಾಪಚಯದ (ಮೈ ಸಕ್ಕರೆ, ಕೊಬ್ಬನ್ನು ಬಳಸಿಕೊಳ್ಳುವ ಕ್ರಿಯೆಯ) ತೊಂದರೆ ಬಹುಮಟ್ಟಿಗೆ ಅಧಿಕ ತೂಕದ ಜೊತೆಯಲ್ಲೇ ಬರುವುದರಿಂದ ಈ ಭಾಗಾಕಾರ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಅರ್ಥದಲ್ಲಿ ಅತಿ ಚೆನ್ನಾಗಿ, ಏಕೆಂದರೆ ಛೇದದಲ್ಲಿ ಕೂತ ತೂಕವೇ ಅರ್ಧ ಕೆಲಸ ಮಾಡಿಬಿಟ್ಟಿರುತ್ತದೆ. ನಮ್ಮಲ್ಲಿ ಪರಿಸ್ಥಿತಿ ಬೇರೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ತಂಡ ತೋರಿಸಿದಂತೆ ಭಾರತೀಯ ಶಿಶುಗಳು ಹುಟ್ಟುವಾಗಲೇ ತೂಕದಲ್ಲಿ ಕಡಿಮೆ, ಸ್ನಾಯುವಿನಲ್ಲಿ ಇನ್ನೂ ಕಡಿಮೆ, ಆದರೆ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟೇನೂ ಕಡಿಮೆಯಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. 2004ರಲ್ಲಿ ಅವರು ತಮ್ಮ ಮತ್ತು ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರ ದೇಹವನ್ನೇ ಉದಾಹರಣೆಯಾಗಿ ಮುಂದಿಟ್ಟರು: ಇಬ್ಬರದೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 22.3, ಕೊಬ್ಬಿನ ಪಾಲು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2.

ಕರ್ನಾಟಕಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ಪಾರ್ಥೆನನ್ ಅಧ್ಯಯನ ಅಂದಿನಿಂದ ಹಿಂಬಾಲಿಸುತ್ತಾ ಬಂದಿದೆ. ಆ ಮಕ್ಕಳಿಗೆ ಒಂಬತ್ತು ವರ್ಷವಾದಾಗ ಹಿಡಿತವನ್ನೂ ಅಳೆಯಲಾಯಿತು. ಹುಟ್ಟಿದಾಗ ಹೆಚ್ಚು ತೂಕ ಇದ್ದವರ ಹಿಡಿತ ಒಂಬತ್ತರಲ್ಲೂ ಗಟ್ಟಿಯಾಗಿತ್ತು. ಅಂದರೆ ಹಿಡಿತದ ಕಥೆ ತಾಯಿಯ ಹೊಟ್ಟೆಯಲ್ಲೇ ಶುರುವಾಗುತ್ತದೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಆ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ ಪ್ರತಿರೋಧವೂ (ಇನ್ಸುಲಿನ್ನಿಗೆ ಮೈ ಸರಿಯಾಗಿ ಸ್ಪಂದಿಸದಿರುವುದು) ಹೆಚ್ಚು ಕಂಡವು. 2016–18ರ ರಾಷ್ಟ್ರೀಯ ಸಮಗ್ರ ಪೌಷ್ಟಿಕತೆ ಸಮೀಕ್ಷೆಯಲ್ಲಿ 10ರಿಂದ 19 ವಯಸ್ಸಿನವರಲ್ಲಿ ಶೇ. 10ರಷ್ಟು ಮಂದಿಗೆ ಸಕ್ಕರೆ ಕಾಯಿಲೆಯ ಪೂರ್ವಸ್ಥಿತಿ ಇತ್ತು. ಇಷ್ಟೊಂದು ಮಕ್ಕಳೆಲ್ಲ ದಪ್ಪಗಿರುವವರಲ್ಲ.

ಹೀಗಾಗಿ ನಿಮ್ಮ ರಿಜಿಸ್ಟರಿನಲ್ಲಿ ಅನುಪಾತ ಒಂದನ್ನೇ ಬರೆಯಬೇಡಿ, ಕೆ.ಜಿ.ಯಲ್ಲಿ ಬಂದ ಹಿಡಿತವನ್ನೂ ಪಕ್ಕದಲ್ಲಿ ಬರೆಯಿರಿ. 12 ವರ್ಷಕ್ಕೆ 11 ಕೆ.ಜಿ. ಕಡಿಮೆಯೇ. ಯೂರೋಪಿನ ಶಾಲಾ ಮಾನಕಗಳಲ್ಲಿ ಆ ವಯಸ್ಸಿನ ಹುಡುಗಿಯರ ನಡುಮಟ್ಟ 20 ಕೆ.ಜಿ. ಆಸುಪಾಸು. ಅಲ್ಲಿನ ಮಕ್ಕಳ ಎತ್ತರ ಹೆಚ್ಚು, ಆದ್ದರಿಂದ ಆ ಪಟ್ಟಿಯನ್ನು ಹಾಗೇ ತಂದು ನಮ್ಮ ಮಕ್ಕಳ ಮೇಲೆ ಹೊರಿಸಬಾರದು. ಅದಕ್ಕಿಂತ ಒಳ್ಳೆಯ ದಾರಿ ನಿಮ್ಮ ಕೈಯಲ್ಲೇ ಇದೆ: ನಿಮ್ಮದೇ 200 ಮಕ್ಕಳನ್ನು ವಯಸ್ಸು ಮತ್ತು ಲಿಂಗದ ಪ್ರಕಾರ ವಿಂಗಡಿಸಿ, ಪ್ರತಿ ಗುಂಪಿನಲ್ಲಿ ಹಿಡಿತ ತೀರ ಕಡಿಮೆ ಇರುವ ಐದನೇ ಒಂದು ಭಾಗವನ್ನು ಗುರುತಿಸಿ. ಅನುಪಾತದಲ್ಲಿ ಬಿದ್ದವರು, ಹಿಡಿತದಲ್ಲಿ ಬಿದ್ದವರು, ಎರಡೂ ಪಟ್ಟಿಯನ್ನು ಮುಂದಿನ ಹಂತಕ್ಕೆ ಒಯ್ಯಿರಿ. 13–14ರ ಹುಡುಗರನ್ನು ಮಾತ್ರ ಎಚ್ಚರದಿಂದ ಹೋಲಿಸಿ. ಮೀಸೆ ಮೂಡಿದವನಿಗೂ ಇನ್ನೂ ದನಿ ಒಡೆಯದವನಿಗೂ ವಯಸ್ಸು ಒಂದೇ ಇದ್ದರೂ ಹಿಡಿತದಲ್ಲಿ ಹತ್ತು ಕೆ.ಜಿ. ಅಂತರ ಸಹಜ. ಮಿಷಿಗನ್ನಿನ ಗಡಿಗಳು 10–12 ವರ್ಷದವರವು, ಅವನ್ನು ಹತ್ತನೇ ತರಗತಿಗೆ ಎಳೆಯಬೇಡಿ.

ಎಷ್ಟೇ ಚೆನ್ನಾಗಿ ಅಳೆದರೂ ಈ ಜರಡಿಯ ಕಣ್ಣು ದೊಡ್ಡದು. ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳೋಣ: ನಿಮ್ಮ 200 ಮಕ್ಕಳಲ್ಲಿ 20 ಮಕ್ಕಳಿಗೆ ನಿಜಕ್ಕೂ ಅಪಾಯವಿದೆ, ಪರೀಕ್ಷೆ ನೂರಕ್ಕೆ ಎಪ್ಪತ್ತು ಸಲ ಸರಿ ಹೇಳುತ್ತದೆ. ಆಗ 20ರಲ್ಲಿ 14 ಮಂದಿ ಸಿಕ್ಕಿಬೀಳುತ್ತಾರೆ, 6 ಮಂದಿ ತಪ್ಪಿಸಿಕೊಳ್ಳುತ್ತಾರೆ. ಆರೋಗ್ಯವಂತರಾದ 180ರಲ್ಲಿ 54 ಮಂದಿಯೂ ಸುಮ್ಮನೆ ಪಟ್ಟಿಗೆ ಬೀಳುತ್ತಾರೆ. ಒಟ್ಟು 68 ಹೆಸರು, ನಿಜವಾದವು 14. ಈ 68 ಮನೆಗಳಿಗೂ "ನಿಮ್ಮ ಮಗುವಿಗೆ ಹೃದ್ರೋಗದ ಅಪಾಯ" ಎಂದು ಚೀಟಿ ಕಳಿಸಿದರೆ ಆಗುವ ಅನಾಹುತ ಯೋಚಿಸಿ. ಚೀಟಿಯಲ್ಲಿ ಬರೆಯಬೇಕಾದ ಮಾತು ಇಷ್ಟೇ: "ನಿಮ್ಮ ಮಗುವಿನ ಸ್ನಾಯುಬಲ ಇನ್ನೂ ಹೆಚ್ಚಬೇಕಿದೆ. ಇನ್ನೊಂದೆರಡು ಅಳತೆ ನೋಡುತ್ತೇವೆ."

ಆ ಇನ್ನೊಂದೆರಡು ಅಳತೆಗೆ ದುಡ್ಡು ಬೇಕಿಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ ಟೇಪು ಸುತ್ತಿ, ಮಗು ಸಹಜವಾಗಿ ಉಸಿರು ಬಿಟ್ಟಾಗ ಹೊಟ್ಟೆಯ ಸುತ್ತಳತೆ ತೆಗೆಯಿರಿ. ಅದು ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಗಮನ ಬೇಕು. 140 ಸೆಂ.ಮೀ. ಎತ್ತರದ ಹುಡುಗನಿಗೆ 70 ಸೆಂ.ಮೀ. ಗಡಿ. ಕತ್ತಿನ ಹಿಂಭಾಗ ಮತ್ತು ಕಂಕುಳಲ್ಲಿ ಕಪ್ಪಗೆ, ಮಖಮಲ್ಲಿನಂತೆ ದಪ್ಪಗಾದ ಚರ್ಮ ಇದೆಯೇ ನೋಡಿ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವುದರ ಗುರುತು. ಸ್ನಾನ ಸರಿಯಾಗಿ ಮಾಡುವುದಿಲ್ಲ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಇರುವ ತೊಂದರೆ ಇದು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜ, ಅಜ್ಜಿಗೆ ಸಕ್ಕರೆ ಕಾಯಿಲೆ ಇದೆಯೇ, ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದೆಯೇ, ತಾಯಿಗೆ ಬಸುರಿನಲ್ಲಿ ಸಕ್ಕರೆ ಇತ್ತೇ, ಮಗು ಹುಟ್ಟಿದಾಗ ತೂಕ ಎರಡೂವರೆ ಕೆ.ಜಿ.ಗಿಂತ ಕಡಿಮೆ ಇತ್ತೇ, ಇಷ್ಟನ್ನು ತಾಯಿ ಕಾರ್ಡ್ ನೋಡಿ ಕೇಳಿ ತಿಳಿಯಿರಿ. ತೆಳ್ಳಗಿನ ಮಗುವಿನಲ್ಲಿ ಹೊಟ್ಟೆಯ ಸುತ್ತಳತೆಯೂ ಸುಳ್ಳು ಭರವಸೆ ಕೊಡಬಹುದು, ಆಗ ಈ ಪ್ರಶ್ನೆಗಳೇ ದಾರಿ ತೋರಿಸುತ್ತವೆ.

ರಕ್ತದೊತ್ತಡವನ್ನು ಆರೋಗ್ಯ ಸಿಬ್ಬಂದಿಯೇ ನೋಡಲಿ. ಮಗುವಿನ ತೋಳಿಗೆ ತಕ್ಕ ಪಟ್ಟಿ ಇರಬೇಕು, ಒಳಗಿನ ರಬ್ಬರ್ ಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟು. ಚಿಕ್ಕ ಪಟ್ಟಿ ದಪ್ಪ ತೋಳಿಗೆ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಐದು ನಿಮಿಷ ಕೂತ ಮೇಲೆ ನೋಡಬೇಕು, ಹಿಡಿತದ ಪರೀಕ್ಷೆ ಆದ ಕೂಡಲೇ ನೋಡಬಾರದು. 13 ದಾಟಿದವರಲ್ಲಿ ಬೇರೆ ಬೇರೆ ಮೂರು ದಿನ 130/80 ಅಥವಾ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಚಿಕ್ಕವರಿಗೆ ವಯಸ್ಸು, ಎತ್ತರದ ಪಟ್ಟಿ ನೋಡಿ ವೈದ್ಯರು ಹೇಳುತ್ತಾರೆ.

ರಕ್ತಪರೀಕ್ಷೆ ಯಾರಿಗೆ ಎಂಬುದೂ ವೈದ್ಯರ ತೀರ್ಮಾನ. ಹಿಡಿತ ಕಡಿಮೆ ಎಂಬ ಒಂದೇ ಕಾರಣಕ್ಕೆ ಸೂಜಿ ಚುಚ್ಚಿಸುವುದು ಬೇಡ, ಮೇಲಿನ ಇನ್ನೊಂದಾದರೂ ಲಕ್ಷಣ ಜೊತೆಗಿರಬೇಕು. ಪೋಷಕರು ವರದಿ ಹಿಡಿದು ಬಂದರೆ ನಿಮಗೆ ತಿಳಿದಿರಲೆಂದು ಹೇಳುತ್ತೇನೆ: ಖಾಲಿ ಹೊಟ್ಟೆಯ ಗ್ಲೂಕೋಸ್ 100ರಿಂದ 125 ಪೂರ್ವಸ್ಥಿತಿ, 126 ಮತ್ತು ಮೇಲೆ ಸಕ್ಕರೆ ಕಾಯಿಲೆ. ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4 ಪೂರ್ವಸ್ಥಿತಿ. ಹತ್ತು ದಾಟಿದವರಲ್ಲಿ ಟ್ರೈಗ್ಲಿಸರೈಡ್ 130 ಮುಟ್ಟಿದರೆ ಹೆಚ್ಚು, ಎಚ್‌ಡಿಎಲ್ 40ಕ್ಕಿಂತ ಕೆಳಗಿದ್ದರೆ ಕಡಿಮೆ. ಇಲ್ಲೊಂದು ಎಡವಟ್ಟಿದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವ ಮಗುವಿನಲ್ಲಿ ಎಚ್‌ಬಿಎ1ಸಿ ಸುಳ್ಳಾಗಿ ಏರಿ ತೋರಬಹುದು. ರಕ್ತಹೀನತೆ ನಮ್ಮ ಹುಡುಗಿಯರಲ್ಲಿ ಎಷ್ಟು ಸಾಮಾನ್ಯವೆಂದರೆ, ಗ್ಲೂಕೋಸನ್ನೂ ಹಿಮೋಗ್ಲೋಬಿನ್ನನ್ನೂ ಜೊತೆಯಲ್ಲೇ ನೋಡದೆ ಎಚ್‌ಬಿಎ1ಸಿ ಒಂದನ್ನೇ ನಂಬಬಾರದು. ಅದೇ ರಕ್ತಹೀನತೆ ಮಗುವನ್ನು ಸುಸ್ತಾಗಿಸಿ ಹಿಡಿತವನ್ನೂ ತಗ್ಗಿಸಬಲ್ಲದು. ಸರ್ಕಾರಿ, ಅನುದಾನಿತ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ನಿಮ್ಮ ಪಟ್ಟಿ ಅವರ ಕೈಗೆ ಕೊಡಿ. ಅದಕ್ಕಿಂತ ಸುಲಭದ ದಾರಿ ಇಲ್ಲ.

ಕೆಲವು ಮಕ್ಕಳನ್ನು ಮಾತ್ರ ಕಾಯಿಸದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಹಿಡಿತ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ, ಒಂದು ಕೈ ಮಾತ್ರ ಸ್ಪಷ್ಟವಾಗಿ ಸೋತಿದ್ದರೆ, ನೆಲದಿಂದ ಏಳಲು ಮಗು ತನ್ನ ತೊಡೆಯ ಮೇಲೆ ಕೈಯೂರಿ ಮೈಯನ್ನೇ ಹತ್ತುವಂತೆ ಏಳುತ್ತಿದ್ದರೆ, ಮೆಟ್ಟಿಲು ಹತ್ತಲಾಗದಿದ್ದರೆ, ಅದು ನರ ಅಥವಾ ಸ್ನಾಯುವಿನ ಕಾಯಿಲೆ ಇರಬಹುದು. ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ ಕಂಡರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಿ.

ಉಳಿದವರಿಗೆ ಮದ್ದು ನಿಮ್ಮ ಮೈದಾನದಲ್ಲೇ ಇದೆ. ಕೈಯಲ್ಲಿ ಒತ್ತುವ ಸ್ಪಂಜಿನ ಚೆಂಡನ್ನೂ ಸ್ಪ್ರಿಂಗ್ ಹಿಡಿಕೆಯನ್ನೂ ದಯವಿಟ್ಟು ಹಂಚಬೇಡಿ. ಅವುಗಳಿಂದ ಮುಂಗೈ ಮಾತ್ರ ಗಟ್ಟಿಯಾಗಿ ಸಂಖ್ಯೆ ಏರುತ್ತದೆ, ತೊಡೆ, ಬೆನ್ನು, ಸಕ್ಕರೆ ಇದ್ದಲ್ಲೇ ಇರುತ್ತವೆ. ಥರ್ಮಾಮೀಟರನ್ನು ತಣ್ಣೀರಲ್ಲಿ ಅದ್ದಿ ಜ್ವರ ಇಳಿಯಿತು ಎಂದಂತೆ. ಬೇಕಿರುವುದು ದೊಡ್ಡ ಸ್ನಾಯುಗಳ ದುಡಿಮೆ. 2006ರ ಒಂದು ಪ್ರಯೋಗದಲ್ಲಿ ಅಧಿಕ ತೂಕದ ಹದಿಹರೆಯದ ಹುಡುಗರಿಗೆ ವಾರಕ್ಕೆ ಎರಡೇ ದಿನದಂತೆ 16 ವಾರ ಭಾರದ ವ್ಯಾಯಾಮ ಮಾಡಿಸಿದಾಗ ಇನ್ಸುಲಿನ್ನಿಗೆ ಮೈ ಸ್ಪಂದಿಸುವುದು ಶೇ. 45ರಷ್ಟು ಸುಧಾರಿಸಿತು. ಚಿಕ್ಕ ಪ್ರಯೋಗವೇ, ಆದರೂ ಎರಡು ಪೀರಿಯಡ್ ಎಂದರೆ ನಿಮ್ಮ ವೇಳಾಪಟ್ಟಿಯಲ್ಲಿ ಸಿಗುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ, ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಎಲುಬು ಗಟ್ಟಿ ಮಾಡುವ ಕೆಲಸ.

ಮೂರು ದಿನ, 25 ನಿಮಿಷ ಎಂದುಕೊಳ್ಳಿ. ಬಸ್ಕಿ, ದಂಡ, ಮೊಣಕಾಲೆತ್ತರದ ಕಟ್ಟೆ ಹತ್ತಿ ಇಳಿಯುವುದು, ಮರಳಿನ ಚೀಲ ಎರಡೂ ಕೈಯಲ್ಲಿ ಹಿಡಿದು 20 ಮೀಟರ್ ನಡೆಯುವುದು, ಅಡ್ಡಕಂಬಿಗೆ ಜೋತುಬೀಳುವುದು, ಕೊನೆಗೆ ಹಗ್ಗಜಗ್ಗಾಟ. ಪ್ರತಿಯೊಂದನ್ನೂ 8ರಿಂದ 12 ಸಲ, ಎರಡು ಸುತ್ತು. ದಂಡ ಹಾಕಲಾಗದವರು ಗೋಡೆಗೆ ಕೈಯೂರಿ ಶುರು ಮಾಡಲಿ, ಆಮೇಲೆ ಬೆಂಚು, ಆಮೇಲೆ ನೆಲ. ಚೀಲದ ಭಾರ ಮಗುವಿನ ತೂಕದ ಹತ್ತನೇ ಒಂದರಿಂದ ಶುರುವಾಗಲಿ. 12 ಸಲ ಸರಾಗವಾಗಿ ಮಾಡಿದರೆ ಮುಂದಿನ ವಾರ ಸ್ವಲ್ಪ ಏರಿಸಿ. ಭಾರ ಏರದೆ ಅದನ್ನೇ ವರ್ಷಪೂರ್ತಿ ಮಾಡಿಸುವುದರಿಂದಲೇ ಹೆಚ್ಚಿನ ಶಾಲೆಗಳಲ್ಲಿ ಫಲ ಸಿಗುವುದಿಲ್ಲ. ಮಲ್ಲಕಂಬ ಕಲಿಸುವವರು ಊರಲ್ಲಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ಮಾತಿಗೆ ಆಧಾರವಿಲ್ಲ, ಆದರೆ ಮೇಲ್ವಿಚಾರಣೆ ಬೇಕೇ ಬೇಕು. ಇನ್ನೊಂದು ವಿನಂತಿ: ಬಸ್ಕಿಯನ್ನು ಶಿಕ್ಷೆಯಾಗಿ ಕೊಡುವುದನ್ನು ನಿಮ್ಮ ಶಾಲೆಯಲ್ಲಿ ನಿಲ್ಲಿಸಿ. ಅವಮಾನದ ಜೊತೆ ಕಲಿತ ವ್ಯಾಯಾಮವನ್ನು ಯಾವ ಮಗುವೂ ಮನೆಗೆ ಒಯ್ಯುವುದಿಲ್ಲ.

ಊಟದಲ್ಲಿ ಪ್ರೋಟೀನ್ ಇಲ್ಲದೆ ಸ್ನಾಯು ಬೆಳೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ 10–12 ವರ್ಷದವರಿಗೆ ದಿನಕ್ಕೆ ಸುಮಾರು 32 ಗ್ರಾಂ, 13–15ಕ್ಕೆ ಸುಮಾರು 44 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಹುರುಳಿಯಲ್ಲಿ ಆರೂವರೆ, ಒಂದು ಲೋಟ ಹಾಲಿನಲ್ಲಿ ಸುಮಾರು 6. ಶಾಲೆಯ ಬಿಸಿಯೂಟದ ಮೊಟ್ಟೆ, ಕ್ಷೀರಭಾಗ್ಯದ ಹಾಲನ್ನು ಮಗು ನಿಜಕ್ಕೂ ತಿನ್ನುತ್ತಿದೆಯೇ, ಕುಡಿಯುತ್ತಿದೆಯೇ ಎಂದು ನೋಡುವುದೂ ಒಂದು ಚಿಕಿತ್ಸೆ. ಮೊಟ್ಟೆ ಒಲ್ಲದ ಮನೆಯವರಿಗೆ ಮುದ್ದೆಯ ಜೊತೆ ಬಸ್ಸಾರಿನ ತಿಳಿ ಮಾತ್ರ ಬಡಿಸದೆ, ಬೇಯಿಸಿದ ಕಾಳನ್ನೂ ತಟ್ಟೆಗೆ ಹಾಕಲು ಹೇಳಿ.

ಮರುಪರೀಕ್ಷೆ ಆರು ತಿಂಗಳಿಗೊಮ್ಮೆ ಸಾಕು: ಅದೇ ಯಂತ್ರ, ಅದೇ ಅಳೆಯುವವರು, ದಿನದ ಅದೇ ಹೊತ್ತು, ಆ ದಿನದ ಗೇಣಿಗೆ ತಕ್ಕ ಹೊಸ ಹಿಡಿಕೆ ಅಗಲ. ಒಂದೆರಡು ಕೆ.ಜಿ. ಏರಿದರೆ ಹಿಗ್ಗಬೇಡಿ, ಈ ವಯಸ್ಸಿನಲ್ಲಿ ಬರಿ ಬೆಳವಣಿಗೆಯಿಂದಲೇ ಅಷ್ಟು ಏರುತ್ತದೆ. ಮಗು ತನ್ನ ಗುಂಪಿನ ಕೆಳಗಿನ ಐದನೇ ಒಂದರಿಂದ ಹೊರಬಂತೇ ಎಂಬುದನ್ನು ನೋಡಿ. ಅಳೆಯುವ ಮುನ್ನ ಪೋಷಕರ ಒಪ್ಪಿಗೆ ಪಡೆಯಿರಿ, ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕರೆಯಿರಿ, ತೂಕವನ್ನು ಗಟ್ಟಿಯಾಗಿ ಓದಬೇಡಿ, ಪಟ್ಟಿಯನ್ನು ಫಲಕಕ್ಕೆ ಅಂಟಿಸಬೇಡಿ.

ನಿಮ್ಮ ಹುಡುಗನಿಗೆ ಈ ವಾರವೇ ಹೊಟ್ಟೆಯ ಸುತ್ತಳತೆ ತೆಗೆಯಿರಿ, ಕತ್ತು ನೋಡಿ, ರಕ್ತದೊತ್ತಡ ನೋಡಿಸಿ. ಇದರಲ್ಲಿ ಒಂದಾದರೂ ಸರಿಯಿಲ್ಲದಿದ್ದರೆ ವೈದ್ಯರ ಬಳಿಗೆ ಕಳಿಸಿ, ಎಲ್ಲ ಸರಿಯಿದ್ದರೆ ವ್ಯಾಯಾಮದ ಗುಂಪಿಗೆ ಸೇರಿಸಿ. ಹುಡುಗಿಯನ್ನು ಸರಿಯಾದ ಹಿಡಿಕೆ ಅಗಲದಲ್ಲಿ ಮತ್ತೊಮ್ಮೆ ಅಳೆಯಿರಿ. ಆಗಲೂ 11–12 ಕೆ.ಜಿ.ಯೇ ಬಂದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ. ವಾರದ ನೀಲಿ ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಳೆಯೇ, ಜಂತುಹುಳದ ಮಾತ್ರೆ ತೆಗೆದುಕೊಂಡಳೇ, ಬೆಳಗ್ಗೆ ತಿಂಡಿ ತಿಂದು ಬರುತ್ತಾಳೆಯೇ ಎಂದು ಕೇಳಿ. ಅವಳ ತಾಯಿಗೆ ಬಸುರಿನಲ್ಲಿ ಸಕ್ಕರೆ ಇತ್ತು ಎಂದು ತಿಳಿದುಬಂದರೆ, ತೂಕ 27 ಕೆ.ಜಿ. ಮಾತ್ರ ಇದ್ದರೂ ಅವಳ ಹೆಸರನ್ನು ವೈದ್ಯರ ಪಟ್ಟಿಯಲ್ಲಿ ಮೇಲಕ್ಕೆ ಬರೆಯಿರಿ.